ವೈಫೈ ಆಕ್ಸೆಸ್ ಪಾಯಿಂಟ್: ಮನೆಯ ವ್ಯಾಪ್ತಿಯ ಪರೀಕ್ಷೆ

ತಂತಿಯ ಮೂಲಕ ಮನೆಗೆ ಬರುವ ಅಂತರಜಾಲ ಸಂಪರ್ಕವನ್ನು ರೇಡಿಯೊ ಅಲೆಗಳಾಗಿ ಬಿತ್ತರಿಸಿ, ಮೊಬೈಲ್, ಲ್ಯಾಪ್‌ಟಾಪ್ ಮೊದಲಾದವನ್ನು ಜಾಲಕ್ಕೆ ಸೇರಿಸುವ ಸಾಧನಕ್ಕೆ ಆಕ್ಸೆಸ್ ಪಾಯಿಂಟ್ ಎಂದು ಹೆಸರು. ಮನೆಬಳಕೆಯ ವೈಫೈ ರೌಟರ್‌ಗಳಲ್ಲಿ ಇದು ಅಡಕವಾಗಿಯೇ ಇರುತ್ತದೆ. ಇದಕ್ಕೆ ಆಧಾರವಾದ 802.11 ಮಾನಕ ಮೊದಲು ಪ್ರಕಟವಾದುದು 1997ರಲ್ಲಿ.

ಪೆಟ್ಟಿಗೆಯ ಮೇಲೆ ಅಚ್ಚಾಗಿರುವ ವೇಗ ಸಾಮಾನ್ಯವಾಗಿ ಎಲ್ಲ ತರಂಗಪಟ್ಟಿಗಳ ಸೈದ್ಧಾಂತಿಕ ಗರಿಷ್ಠಗಳ ಮೊತ್ತವಾಗಿದ್ದು, ಅಷ್ಟು ವೇಗ ಒಂದೇ ಮೊಬೈಲ್‌ಗೆ ದಕ್ಕುವುದಿಲ್ಲವಾದ್ದರಿಂದ, ಸಾಧನದ ಯೋಗ್ಯತೆ ತಿಳಿಯುವುದು ಮನೆಯೊಳಗೆ ಅಳೆದಾಗಲೇ. ಅಳತೆಯ ಮಾನ ಡಿಬಿಎಂ, ಅಂದರೆ 1 ಮಿಲಿವ್ಯಾಟ್‌ಗೆ ಹೋಲಿಸಿದ ಸಂಕೇತಬಲ. ವೈಫೈಯಲ್ಲಿ ಇದು ಋಣಸಂಖ್ಯೆಯಾಗಿ ಕಾಣಿಸುತ್ತದೆ, 3 ಅಂಕ ಇಳಿದರೆ ಶಕ್ತಿ ಅರ್ಧಕ್ಕೆ ಇಳಿದಂತೆ. -67ರ ಆಸುಪಾಸಿನಲ್ಲಿ ವಿಡಿಯೊ ಕರೆ ಸರಾಗವಾಗಿ ಸಾಗಿದರೆ, -80ರ ಹತ್ತಿರ ಮಾತು ತುಂಡುತುಂಡಾಗತೊಡಗುತ್ತದೆ.

2.4 ಗಿಗಾಹರ್ಟ್ಸ್ ಅಲೆಗಳು ಗೋಡೆ ದಾಟಿ ದೂರ ಸಾಗುತ್ತವೆಯಾದರೂ, ಅಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು 1, 6, 11 ಎಂಬ ಮೂರೇ ಆದ್ದರಿಂದ ನೆರೆಮನೆಗಳ ಅಲೆಗಳ ಅಡಚಣೆ ಹೆಚ್ಚು; 5 ಗಿಗಾಹರ್ಟ್ಸ್ ಹೆಚ್ಚಿನ ವೇಗ ನೀಡಿದರೂ ಕಾಂಕ್ರೀಟ್ ತಾರಸಿ, ಕರಾವಳಿಯ ದಪ್ಪ ಮುರಕಲ್ಲಿನ ಗೋಡೆ, ಉಕ್ಕಿನ ಬೀರು ಅಡ್ಡಬಂದಾಗ ಬೇಗ ಕುಗ್ಗುತ್ತದೆ. ಮೊಬೈಲ್‌ನ ಪ್ರಸಾರಶಕ್ತಿ ಆಕ್ಸೆಸ್ ಪಾಯಿಂಟ್‌ಗಿಂತ ಸಾಮಾನ್ಯವಾಗಿ ಕಡಿಮೆಯಿರುವುದರಿಂದ, ಡೌನ್‌ಲೋಡ್ ಮಾತ್ರವಲ್ಲದೆ ಅಪ್‌ಲೋಡ್ ವೇಗವನ್ನೂ, ಬಾಗಿಲು ಮುಚ್ಚಿ, ಜನ ನಿಜಕ್ಕೂ ಕೂರುವ ಜಾಗಗಳಲ್ಲೇ ಅಳೆಯಬೇಕು. ಟಿವಿಯ ಹಿಂದಿನ ಮೂಲೆಯಲ್ಲಿಟ್ಟ ದುಬಾರಿ ಸಾಧನಕ್ಕಿಂತ ಮನೆಯ ನಡುಭಾಗದಲ್ಲಿ ಎತ್ತರಕ್ಕೆ ಕೂರಿಸಿದ ಸಾಧಾರಣ ಸಾಧನವೇ ಹಲವು ಬಾರಿ ಮೇಲು.