ಹಡಪಸರದ ಉಪಾಹಾರಗೃಹಗಳು

ಪುಣೆಯಿಂದ ಸೊಲ್ಲಾಪುರಕ್ಕೆ ಸಾಗುವ ಹೆದ್ದಾರಿಯ ಮಗ್ಗುಲಲ್ಲಿ ಕೃಷಿಯನ್ನೇ ನೆಚ್ಚಿದ್ದ ಹಡಪಸರವು, 1958ರಲ್ಲಿ ಕಿರ್ಲೋಸ್ಕರ್ ನ್ಯೂಮ್ಯಾಟಿಕ್ ಸಂಸ್ಥೆಯೂ 1966ರಲ್ಲಿ ಸೀರಮ್ ಸಂಸ್ಥೆಯೂ ಸ್ಥಾಪಿತವಾದ ಮೇಲೆ, ಪಾಳಿಯ ವೇಳೆಗೆ ಸರಿಯಾಗಿ ಹಸಿಯುವ ಊರಾಗಿ ಪರಿಣಮಿಸಿತು. ಪುಣೆಯ ವೈಶಾಲಿ ಉಪಾಹಾರಗೃಹವನ್ನು ಬೆಳೆಸಿದ ಜಗನ್ನಾಥ ಶೆಟ್ಟರಂತಹ ಕರಾವಳಿಯ ಕನ್ನಡಿಗರು ಆ ನಗರಕ್ಕೆ ಹಿಡಿಸಿದ ಇಡ್ಲಿ-ದೋಸೆಗಳ ರುಚಿಯು ಇಲ್ಲಿಯೂ ನೆಲೆಗೊಂಡಿತು.

ಉಪಾಹಾರಗೃಹದ ವೃತ್ತಿಯ ಜೀವಾಳವು ಪೀಠೋಪಕರಣಗಳಲ್ಲಿಲ್ಲ, ಹಿಟ್ಟಿನ ಪಾತ್ರೆಯಲ್ಲಿದೆಯೆಂದೇ ನನ್ನ ದೃಢವಾದ ನಂಬಿಕೆ. ಕರಾವಳಿಯ ಸೆಕೆಯಲ್ಲಿ ರಾತ್ರಿ ಬೆಳಗಾಗುವುದರೊಳಗೆ ಉಕ್ಕಿಬರುವ ಉದ್ದಿನ ಹಿಟ್ಟು ಪುಣೆಯ ಮಾಗಿಯ ಚಳಿಯಲ್ಲಿ ಮುದುಡಿ ಕುಳಿತುಬಿಡುವುದರಿಂದ, ಅಡುಗೆಯವನು ಪಾತ್ರೆಗೆ ಗೋಣಿ ಸುತ್ತಿ ಒಲೆಯ ಬೆಚ್ಚನೆಯ ಮೂಲೆಯಲ್ಲಿರಿಸಬೇಕು. ಯಜಮಾನನಾದವನು ಗಲ್ಲಾಪೆಟ್ಟಿಗೆಯ ಬೀಗ ತೆರೆಯುವ ಮುನ್ನ ಹಿಟ್ಟಿನ ಪಾತ್ರೆಯ ಮುಚ್ಚಳ ತೆರೆದು, ಹುಳಿಯ ಪರಿಮಳವನ್ನು ಸ್ವತಃ ಪರೀಕ್ಷಿಸಬೇಕು. ಆಗ ಮೊದಲ ಪಾಳಿಯ ಕಾರ್ಮಿಕನ ತಟ್ಟೆಗೆ ಹಬೆಯಾಡುವ ಇಡ್ಲಿ ಬಂದು ಬೀಳುತ್ತದೆ.