ಕವಚ ಕಟ್ಟಿದವರ ಕಥೆ



ಇತಿಹಾಸ ಎಂದೊಡನೆ ನಿಮ್ಮ ಕಣ್ಣ ಮುಂದೆ ಬರುವುದು ರಾಜರು, ಯುದ್ಧಗಳು, ಶಾಸನಗಳು. ಕವಚ ಎಂದರೆ ವಸ್ತುಸಂಗ್ರಹಾಲಯದ ಗಾಜಿನ ಪೆಟ್ಟಿಗೆಯಲ್ಲಿಟ್ಟ ಉಕ್ಕಿನ ಅಂಗಿ. ಆದರೆ ಎಂದೂ ನಡೆಯದ ಯುದ್ಧಕ್ಕಾಗಿ, ಎಲ್ಲಿಯೂ ಇಲ್ಲದ ಸೈನ್ಯಕ್ಕಾಗಿ ಮಾಡಿದ ಕವಚಕ್ಕೂ ಒಂದು ಇತಿಹಾಸವಿದೆ. ವಿಜ್ಞಾನ ಕಥೆಗಳಲ್ಲಿ, ಅಂಥ ಚಲನಚಿತ್ರಗಳಲ್ಲಿ ಬರುವ ಪಾತ್ರಗಳ ಕವಚವನ್ನು ಮನೆಯಲ್ಲಿಯೇ ತಯಾರಿಸಿ ತೊಟ್ಟುಕೊಳ್ಳುವುದು ಇಂದು ಹಲವು ದೇಶಗಳಲ್ಲಿ ಸಾವಿರಾರು ಜನರ ಹವ್ಯಾಸ. ಇದೆಲ್ಲ ಮಕ್ಕಳಾಟ ಎಂದು ತಳ್ಳಿಹಾಕುವ ಮುನ್ನ ಈ ಹವ್ಯಾಸ ನಡೆದುಬಂದ ಎಂಟು ದಶಕಗಳ ದಾರಿಯನ್ನು ಒಮ್ಮೆ ನೋಡೋಣ. ದಾರಿಯುದ್ದಕ್ಕೂ ಒಂದು ಪ್ರಶ್ನೆ ನಮ್ಮ ಜೊತೆ ಬರುತ್ತದೆ: ಒಂದು ವಸ್ತು ಯಾರದು? ಅದನ್ನು ಕಲ್ಪಿಸಿದವರದೇ, ಹಣ ಕೊಟ್ಟು ಮಾಡಿಸಿದವರದೇ, ಕೈಯಾರೆ ಮಾಡಿದವರದೇ?

ಹೊಲಿಗೆ ಹಾಕಿದವರು ಯಾರು?

1939ರ ಜುಲೈ ತಿಂಗಳಿನಲ್ಲಿ ಅಮೆರಿಕದ ನ್ಯೂಯಾರ್ಕ್ ನಗರದಲ್ಲಿ ಮೊದಲ ವಿಶ್ವ ವಿಜ್ಞಾನ ಕಥಾ ಸಮ್ಮೇಳನ ನಡೆಯಿತು. ಸೇರಿದ್ದವರು ಸುಮಾರು 200 ಮಂದಿ. ಎಲ್ಲರೂ ಎಂದಿನ ಉಡುಪಿನಲ್ಲಿ ಬಂದಿದ್ದರೆ, ಲಾಸ್ ಏಂಜಲೀಸಿನಿಂದ ಬಂದ ಇಬ್ಬರು ಮಾತ್ರ ಭವಿಷ್ಯದ ಮನುಷ್ಯರಂತೆ ವೇಷ ಕಟ್ಟಿಕೊಂಡು ಬಂದರು. ಒಬ್ಬರು 22 ವರ್ಷದ ಫಾರೆಸ್ಟ್ ಆಕರ್‌ಮನ್. ಇನ್ನೊಬ್ಬರು ಅವರ ಗೆಳತಿ, 'ಮೊರೊಜೊ' ಎಂಬ ಅಡ್ಡಹೆಸರಿನ ಮರ್ಟಲ್ ಡಗ್ಲಸ್. 1936ರಲ್ಲಿ ತೆರೆಕಂಡ 'ಥಿಂಗ್ಸ್ ಟು ಕಮ್' ಎಂಬ ಬ್ರಿಟಿಷ್ ಚಿತ್ರ ಮತ್ತು ಫ್ರಾಂಕ್ ಪಾಲ್ ಎಂಬ ಕಲಾವಿದರು ವಿಜ್ಞಾನ ಕಥಾ ಪತ್ರಿಕೆಗಳಿಗೆ ಬರೆಯುತ್ತಿದ್ದ ಚಿತ್ರಗಳೇ ಅವರಿಗೆ ಮಾದರಿ. ಮರುವರ್ಷ ಶಿಕಾಗೋದಲ್ಲಿ ನಡೆದ ಸಮ್ಮೇಳನದಲ್ಲಿ ವೇಷಸ್ಪರ್ಧೆಯೇ ಕಾರ್ಯಕ್ರಮದ ಒಂದು ಭಾಗವಾಯಿತು. ಹವ್ಯಾಸ ಬೇರು ಬಿಟ್ಟದ್ದು ಹೀಗೆ.

ಒಂದು ಸಂಗತಿಯನ್ನು ಗಮನಿಸಿ. ಆ ಎರಡೂ ಉಡುಪುಗಳನ್ನು ರೂಪಿಸಿ ಹೊಲಿದವರು ಮರ್ಟಲ್ ಡಗ್ಲಸ್. ಆದರೆ ಬಹುಕಾಲ ಎಲ್ಲರ ಬಾಯಲ್ಲಿ ಉಳಿದದ್ದು ಮುಂದೆ ಹೆಸರಾಂತ ಸಂಪಾದಕರಾದ ಆಕರ್‌ಮನ್ ಅವರ ಹೆಸರು. ಸೂಜಿ ಹಿಡಿದವರ ಹೆಸರನ್ನು ಇತಿಹಾಸಕಾರರು ಹುಡುಕಿ ಮುಂದೆ ತಂದದ್ದು ತೀರ ಇತ್ತೀಚೆಗೆ.

ಬಿಳಿ ಕವಚದ ಹುಟ್ಟು

1977ರ ಮೇ 25ರಂದು ಅಮೆರಿಕದಲ್ಲಿ 'ಸ್ಟಾರ್ ವಾರ್ಸ್' ಚಿತ್ರ ಬಿಡುಗಡೆಯಾಯಿತು. ಅದರಲ್ಲಿನ ದುಷ್ಟ ಸಾಮ್ರಾಜ್ಯದ ಸೈನಿಕರಿಗೆ ಅಡಿಯಿಂದ ಮುಡಿಯವರೆಗೆ ಬಿಳಿ ಕವಚ, ಮುಖ ಮುಚ್ಚುವ ಶಿರಸ್ತ್ರಾಣ. ಅವರನ್ನು 'ಸ್ಟಾರ್ಮ್‌ಟ್ರೂಪರ್' ಎಂದು ಕರೆಯುತ್ತಾರೆ. ಈ ಹೆಸರು ಆಕಾಶದಿಂದ ಉದುರಿದ್ದಲ್ಲ. ಮೊದಲ ಮಹಾಯುದ್ಧದಲ್ಲಿ ಜರ್ಮನಿಯ ದಾಳಿ ತುಕಡಿಗಳಿಗಿದ್ದ ಹೆಸರು ಅದು; ಮುಂದೆ ನಾಜಿ ಪಕ್ಷದ ಸಮವಸ್ತ್ರಧಾರಿ ಪುಂಡರಿಗೂ ಅಂಟಿಕೊಂಡಿತು. ಮುಖವಿಲ್ಲದ ಸೈನಿಕ, ಪ್ರಶ್ನೆ ಕೇಳದ ಸೈನಿಕ ಎಷ್ಟು ಅಪಾಯಕಾರಿ ಎಂಬುದನ್ನು 20ನೆಯ ಶತಮಾನ ಕಣ್ಣಾರೆ ಕಂಡಿತ್ತು. ಆ ನೆನಪೇ ಬಿಳಿ ಪ್ಲಾಸ್ಟಿಕ್ಕಿನ ರೂಪ ತಾಳಿತು.

ಕವಚದ ಹಿಂದೆ ಹಲವು ಕೈಗಳಿದ್ದವು. ನಿರ್ದೇಶಕ ಜಾರ್ಜ್ ಲ್ಯೂಕಸ್ ಅವರ ಕಲ್ಪನೆಗೆ ರಾಲ್ಫ್ ಮೆಕ್‌ಕ್ವಾರಿ ಚಿತ್ರ ಬರೆದರು. ಇಂಗ್ಲೆಂಡಿನಲ್ಲಿ ನಿಕ್ ಪೆಂಬರ್ಟನ್ ಶಿರಸ್ತ್ರಾಣವನ್ನೂ, ಬ್ರಯಾನ್ ಮ್ಯೂರ್ ಮೈಕವಚವನ್ನೂ ಜೇಡಿಮಣ್ಣಿನಲ್ಲಿ ಮೂಡಿಸಿದರು. ಆಂಡ್ರ್ಯೂ ಏನ್ಸ್‌ವರ್ತ್ ಎಂಬ ಕುಶಲಕರ್ಮಿ ಚಿತ್ರೀಕರಣಕ್ಕಾಗಿ 50 ಶಿರಸ್ತ್ರಾಣಗಳನ್ನು ಪ್ಲಾಸ್ಟಿಕ್ಕಿನಲ್ಲಿ ತೆಗೆದುಕೊಟ್ಟರು. ವಸ್ತ್ರವಿನ್ಯಾಸಕ ಜಾನ್ ಮೊಲ್ಲೊ ಸೈನಿಕ ಸಮವಸ್ತ್ರಗಳ ಇತಿಹಾಸ ಬಲ್ಲವರು. 1978ರಲ್ಲಿ ಅವರಿಗೆ ಆಸ್ಕರ್ ಪ್ರಶಸ್ತಿ ಬಂತು.

ಗಾಳಿಯ ಭಾರದ ಕೆಲಸ

ಪ್ಲಾಸ್ಟಿಕ್ ಹಾಳೆ ಕವಚವಾಗುವುದು ಹೇಗೆ? ಈ ವಿಧಾನಕ್ಕೆ ವ್ಯಾಕ್ಯೂಮ್ ಫಾರ್ಮಿಂಗ್ ಎನ್ನುತ್ತಾರೆ. ಇದರ ತತ್ತ್ವ ನಿಮ್ಮ ಭೌತಶಾಸ್ತ್ರದ ಪಾಠದಲ್ಲಿಯೇ ಇದೆ. ಮಾಗ್ಡೆಬರ್ಗ್ ಅರ್ಧಗೋಲಗಳ ಪ್ರಯೋಗವನ್ನು ನೆನಪಿಸಿಕೊಳ್ಳಿ. ಒಳಗಿನ ಗಾಳಿ ತೆಗೆದ ಗೋಲಗಳನ್ನು ಕುದುರೆಗಳಿಂದ ಎಳೆಸಿದರೂ ಬಿಡಿಸಲಾಗಲಿಲ್ಲ, ಅಲ್ಲವೇ? ಇಲ್ಲಿ ದುಡಿಯುವುದೂ ಅದೇ ವಾಯುಭಾರ.

ಸುಮಾರು 2 ಮಿಲಿಮೀಟರ್ ದಪ್ಪದ ಎ.ಬಿ.ಎಸ್. ಪ್ಲಾಸ್ಟಿಕ್ ಹಾಳೆಯನ್ನು ಚೌಕಟ್ಟಿಗೆ ಬಿಗಿದು, ಮೆತ್ತಗಾಗಿ ಜೋಲುವವರೆಗೆ ಕಾಯಿಸುತ್ತಾರೆ. ಅದನ್ನು ಅಚ್ಚಿನ ಮೇಲೆ ಇಳಿಸಿ ಕೆಳಗಿನ ಗಾಳಿಯನ್ನು ಹೀರಿ ತೆಗೆಯುತ್ತಾರೆ. ಪ್ರತಿ ಚದರ ಸೆಂಟಿಮೀಟರಿನ ಮೇಲೆ ವಾತಾವರಣದ ಒತ್ತಡ ಸುಮಾರು 1 ಕಿಲೋಗ್ರಾಂ ತೂಕದಷ್ಟು. ಹಾಳೆ 60 ಸೆಂಟಿಮೀಟರ್ ಉದ್ದ, ಅಷ್ಟೇ ಅಗಲ ಇದ್ದರೆ ಅದರ ವಿಸ್ತೀರ್ಣ 3600 ಚದರ ಸೆಂಟಿಮೀಟರ್. ಕೆಳಗಿನ ಗಾಳಿಯಲ್ಲಿ ಅರ್ಧವನ್ನಷ್ಟೇ ತೆಗೆದರೂ ಸುಮಾರು 1800 ಕಿಲೋಗ್ರಾಂ ಭಾರ ಹಾಳೆಯನ್ನು ಅಚ್ಚಿಗೆ ಒತ್ತುತ್ತದೆ. ಕೆಲವೇ ಕ್ಷಣಗಳಲ್ಲಿ ಅಚ್ಚಿನ ಗೆರೆಗಳೆಲ್ಲ ಹಾಳೆಯಲ್ಲಿ ಮೂಡುತ್ತವೆ.

ನಿಜವಾದ ಕಷ್ಟ ಆಮೇಲಿನದು. ಎದೆ, ಬೆನ್ನು, ತೋಳು, ತೊಡೆ, ಮೊಣಕಾಲು ಹೀಗೆ ಬಿಡಿಬಿಡಿ ತುಂಡುಗಳನ್ನು ತೊಡುವವರ ಮೈಯಳತೆಗೆ ಕತ್ತರಿಸಿ, ಅಂಚು ಉಜ್ಜಿ, ಅಂಟಿಸಿ, ಒಳಗೆ ಎಲಾಸ್ಟಿಕ್ ಪಟ್ಟಿ, ಒತ್ತುಗುಂಡಿ ಜೋಡಿಸಬೇಕು. ಇದಕ್ಕೆ ವಾರಗಳು, ಕೆಲವೊಮ್ಮೆ ತಿಂಗಳುಗಳೇ ಹಿಡಿಯುತ್ತವೆ. ತೊಟ್ಟ ಮೇಲೆ ಕುಳಿತುಕೊಳ್ಳುವುದು ಕಷ್ಟ, ಬೆವರು ಧಾರಾಕಾರ, ಕಣ್ಣಿಗೆ ಎದುರಿನದಷ್ಟೇ ಕಾಣುತ್ತದೆ. 1977ರ ಚಿತ್ರದಲ್ಲಿಯೇ ಒಬ್ಬ ಸೈನಿಕ ಬಾಗಿಲಿಗೆ ತಲೆ ಬಡಿದುಕೊಳ್ಳುವ ದೃಶ್ಯ ಹಾಗೆಯೇ ಉಳಿದುಬಿಟ್ಟಿದೆ!

ದೃಶ್ಯಮಾಧ್ಯಮದಲ್ಲಿ ಕೆಲಸ ಮಾಡುವ ನಮಗೆ ಒಂದು ಅನುಕೂಲವಿದೆ. ಕ್ಯಾಮೆರಾಕ್ಕೆ ಕಾಣುವ ಮಗ್ಗುಲು ಚೆನ್ನಾಗಿದ್ದರೆ ಸಾಕು, ಕಾಣದ ಕಡೆ ಪಿನ್ನು ಚುಚ್ಚಿದರೂ ನಡೆಯುತ್ತದೆ. ಹವ್ಯಾಸಿಗೆ ಆ ರಿಯಾಯಿತಿ ಇಲ್ಲ. ಜನರು ಸುತ್ತಲೂ ನಿಂತು ನೋಡುತ್ತಾರೆ. ಹೀಗಾಗಿ ಅವರು ಹಳೆಯ ಸ್ಥಿರಚಿತ್ರಗಳನ್ನೂ ಉಳಿದಿರುವ ಮೂಲ ತುಂಡುಗಳನ್ನೂ ಹೋಲಿಸಿ ನೋಡಿ, ಯಾವ ಪಟ್ಟಿ ಎಲ್ಲಿತ್ತು, ಯಾವ ಗೆರೆ ಎಷ್ಟು ಅಗಲವಿತ್ತು ಎಂದು ನಿರ್ಧರಿಸುತ್ತಾರೆ. ಶಾಸನ ಓದುವವರು ಮಾಡುವುದೂ ಇದನ್ನೇ: ಸಾಕ್ಷ್ಯ ಸಂಗ್ರಹ, ಹೋಲಿಕೆ, ತೀರ್ಮಾನ.

ಖಳರ ವೇಷ, ಒಳ್ಳೆಯ ಕೆಲಸ

1997ರಲ್ಲಿ ಅಮೆರಿಕದ ದಕ್ಷಿಣ ಕೆರೊಲಿನಾದ ಆಲ್ಬಿನ್ ಜಾನ್ಸನ್, ತಮ್ಮ ಗೆಳೆಯ ಟಾಮ್ ಕ್ರೂಸ್ ಅವರೊಡನೆ ಸೇರಿ 'ಐನೂರ ಒಂದನೆಯ ಲೀಜನ್' ಎಂಬ ಸಂಘವನ್ನು ಆರಂಭಿಸಿದರು. (ಇವರು ಸಿನಿಮಾ ನಟರಲ್ಲ, ಹೆಸರಷ್ಟೇ ಹತ್ತಿರ.) ಜಾನ್ಸನ್ ಅಪಘಾತದಲ್ಲಿ ಒಂದು ಕಾಲು ಕಳೆದುಕೊಂಡವರು. ಕವಚ ತೊಟ್ಟಾಗ ಕೃತಕ ಕಾಲು ಯಾರಿಗೂ ಕಾಣದು; ಸಾಲಿನಲ್ಲಿ ನಿಂತ ಎಲ್ಲರೂ ಒಂದೇ. ಮುಖ ಅಳಿಸಲೆಂದು ಕಲ್ಪಿಸಿದ ಕವಚ ಹೀಗೆ ಮನುಷ್ಯನೊಬ್ಬನಿಗೆ ಧೈರ್ಯ ಕೊಟ್ಟಿತು.

ಈ ಸಂಘದ ಸದಸ್ಯರು ಇಂದು ಹತ್ತಾರು ದೇಶಗಳಲ್ಲಿ ಹತ್ತು ಸಾವಿರಕ್ಕೂ ಹೆಚ್ಚು. ಸೇರಲು 18 ವರ್ಷ ತುಂಬಿರಬೇಕು, ಕವಚ ನಿಗದಿತ ಮಟ್ಟದಲ್ಲಿರಬೇಕು. ವೇಷ ತೊಟ್ಟು ಸ್ವಂತಕ್ಕೆ ಹಣ ಗಳಿಸುವಂತಿಲ್ಲ. ಆಸ್ಪತ್ರೆಯ ಮಕ್ಕಳನ್ನು ಕಾಣಲು, ಧರ್ಮಕಾರ್ಯಗಳಿಗೆ ನಿಧಿ ಕೂಡಿಸಲು ಇವರು ಹೋಗುತ್ತಾರೆ. ಜಾನ್ಸನ್ ಅವರ ಪುಟ್ಟ ಮಗಳಿಗೆ ಮೆದುಳಿನ ಕ್ಯಾನ್ಸರ್ ಬಂದಾಗ, ರೋಬಾಟ್ ಕಟ್ಟುವ ಹವ್ಯಾಸಿಗಳು ಅವಳಿಗೆಂದು 'ಆರ್2-ಕೆಟಿ' ಎಂಬ ಗುಲಾಬಿ ಬಣ್ಣದ ರೋಬಾಟ್ ತಯಾರಿಸಿದರು. 2005ರಲ್ಲಿ ಆ ಮಗು ತೀರಿಕೊಂಡಿತು. ರೋಬಾಟ್ ಮಾತ್ರ ಬೇರೆ ಮಕ್ಕಳನ್ನು ನಗಿಸುತ್ತ ಸುತ್ತಾಡಿತು. 2015ರ 'ಸ್ಟಾರ್ ವಾರ್ಸ್' ಚಿತ್ರದಲ್ಲಿಯೂ ಒಂದು ಕ್ಷಣ ಕಾಣಿಸಿಕೊಂಡಿತು. 2007ರ ಜನವರಿ 1ರಂದು ಕ್ಯಾಲಿಫೋರ್ನಿಯಾದ ರೋಸ್ ಪೆರೇಡ್ ಮೆರವಣಿಗೆಯಲ್ಲಿ ಲ್ಯೂಕಸ್ ಅವರೇ ಮುಖ್ಯ ಅತಿಥಿ. ಅಲ್ಲಿ ಸುಮಾರು 200 ಹವ್ಯಾಸಿಗಳು ತಾವೇ ಕಟ್ಟಿದ ಕವಚ ತೊಟ್ಟು ಹೆಜ್ಜೆ ಹಾಕಿದರು.

ನ್ಯಾಯಾಲಯದಲ್ಲಿ ಶಿರಸ್ತ್ರಾಣ

ಮೊದಲು ಕೇಳಿದ ಪ್ರಶ್ನೆ ಕೊನೆಗೆ ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿತು. 50 ಶಿರಸ್ತ್ರಾಣ ಮಾಡಿಕೊಟ್ಟ ಏನ್ಸ್‌ವರ್ತ್ 2004ರಿಂದ ಅದರ ಪ್ರತಿಗಳನ್ನು ಮಾರತೊಡಗಿದರು. ಲ್ಯೂಕಸ್ ಅವರ ಸಂಸ್ಥೆ ದಾವೆ ಹೂಡಿತು. 2006ರಲ್ಲಿ ಅಮೆರಿಕದ ನ್ಯಾಯಾಲಯ 2 ಕೋಟಿ ಡಾಲರ್ ಪರಿಹಾರಕ್ಕೆ ತೀರ್ಪಿತ್ತಿತು. ಇಂಗ್ಲೆಂಡಿನಲ್ಲಿ ವಾದ ಬೇರೆ ಹಾದಿ ಹಿಡಿಯಿತು: ಈ ಶಿರಸ್ತ್ರಾಣ ಶಿಲ್ಪವೇ, ಅಲ್ಲವೇ? ಶಿಲ್ಪವಾದರೆ ಅದಕ್ಕೆ ದೀರ್ಘಕಾಲದ ಕೃತಿಸ್ವಾಮ್ಯ. ಬರೀ ಉಪಯೋಗದ ವಸ್ತುವಾದರೆ ಅಷ್ಟು ರಕ್ಷಣೆಯಿಲ್ಲ. ಅದು ಚಿತ್ರ ತಯಾರಿಕೆಗೆ ಬಳಸಿದ ಉಪಕರಣ, ಶಿಲ್ಪವಲ್ಲ ಎಂದು ಬ್ರಿಟನ್ನಿನ ಸರ್ವೋಚ್ಚ ನ್ಯಾಯಾಲಯ 2011ರ ಜುಲೈ 27ರಂದು ಹೇಳಿತು. ಆದರೆ ಅಮೆರಿಕದ ಕೃತಿಸ್ವಾಮ್ಯದ ಉಲ್ಲಂಘನೆಯನ್ನು ಇಂಗ್ಲೆಂಡಿನ ನ್ಯಾಯಾಲಯ ವಿಚಾರಿಸಬಹುದು ಎಂದೂ ಹೇಳಿತು. ಹೀಗೆ ಇಬ್ಬರೂ ಒಂದಿಷ್ಟು ಗೆದ್ದರು, ಒಂದಿಷ್ಟು ಸೋತರು. ಕಲ್ಪಿಸಿದವರಿಗೆ ಹಕ್ಕಿಲ್ಲದಿದ್ದರೆ ಹೊಸದನ್ನು ಕಲ್ಪಿಸಲು ಯಾರು ಹಣ ಹೂಡುತ್ತಾರೆ? ಮಾಡಿದವರಿಗೆ ಏನೂ ಇಲ್ಲವೆಂದರೆ ಅದು ನ್ಯಾಯವೇ? ನಿಮ್ಮ ಕಾಲೇಜಿನ ಚರ್ಚಾಸ್ಪರ್ಧೆಗೆ ಇದಕ್ಕಿಂತ ಒಳ್ಳೆಯ ವಿಷಯ ಸಿಗಲಾರದು.

ಇಂದು ಬೆಂಗಳೂರಿನಲ್ಲಿ ನಡೆಯುವ ಕಾಮಿಕ್ ಕಾನ್ ಮೇಳದಲ್ಲಿಯೂ ಕವಚಧಾರಿ ತರುಣ ತರುಣಿಯರನ್ನು ಕಾಣಬಹುದು. ಫೋಮ್ ಹಾಳೆ, ಮೂರು ಆಯಾಮದ ಪ್ರಿಂಟರ್ ಮುಂತಾದವು ಕೆಲಸವನ್ನು ಹಗುರ ಮಾಡಿವೆ. ನಿಮಗೂ ಮನಸ್ಸಿದ್ದರೆ ಮೊದಲು ರಟ್ಟಿನಿಂದ ಆರಂಭಿಸಿ. ಅಳತೆ ತೆಗೆಯುವುದನ್ನು, ಮಡಿಸುವುದನ್ನು ಅದು ಕಲಿಸುತ್ತದೆ. ಅಂಟು, ಬಣ್ಣ ಬಳಸುವಾಗ ಕಿಟಕಿ ತೆರೆದಿರಲಿ. ಚಾಕು ಹಿಡಿಯುವಾಗ ಹಿರಿಯರೊಬ್ಬರು ಹತ್ತಿರವಿರಲಿ. ಕವಚ ಮುಗಿದ ಮೇಲೆ ಅದರ ಒಳಮೈಯಲ್ಲಿ ನಿಮ್ಮ ಹೆಸರನ್ನೂ ನೆರವಾದವರ ಹೆಸರನ್ನೂ ತಾರೀಖಿನೊಡನೆ ಬರೆದಿಡಿ. ಹೊಲಿದವರು ಯಾರು, ಅಂಟಿಸಿದವರು ಯಾರು ಎಂದು ಮುಂದೆ ಯಾರೂ ಹುಡುಕಾಡಬೇಕಾಗುವುದಿಲ್ಲ.