ಟೆನ್ಸೈಲ್ ಛಾವಣಿ

ಟೆನ್ಸೈಲ್ ಛಾವಣಿ ಎಂದರೆ ತೆಳುವಾದ ಬಟ್ಟೆ ಅಥವಾ ಪ್ಲಾಸ್ಟಿಕ್ ಹಾಳೆಯನ್ನು ಬಿಗಿಯಾಗಿ ಎಳೆದು ಕಟ್ಟಿ ರೂಪಿಸುವ ಹಗುರವಾದ ಮಾಡು. ಕ್ರೀಡಾಂಗಣ, ಈಜುಕೊಳ, ಬಯಲು ರಂಗಮಂದಿರ, ಉಪಾಹಾರ ಗೃಹ ಮೊದಲಾದ ಸಾರ್ವಜನಿಕ ವಿಹಾರ ತಾಣಗಳಲ್ಲಿ ನಡುವೆ ಕಂಬಗಳ ಅಡ್ಡಿಯಿಲ್ಲದೆ ವಿಶಾಲ ಜಾಗಕ್ಕೆ ನೆರಳು ಒದಗಿಸಲು ಇದನ್ನು ಬಳಸಲಾಗುತ್ತದೆ. ಜನ ಸೇರುವ ಸ್ಥಳಗಳಲ್ಲಿ ಇಂತಹ ಛಾವಣಿಯ ಸುರಕ್ಷತೆಯು ಬಹುಮಟ್ಟಿಗೆ ಹೊದಿಕೆಯ ವಸ್ತುವನ್ನು ಅವಲಂಬಿಸಿರುತ್ತದೆ.

ರಚನೆ

ಬಟ್ಟೆಯು ಎಳೆತವನ್ನು ಮಾತ್ರ ತಾಳಬಲ್ಲದು, ಒತ್ತಡಕ್ಕೆ ಮಡಚಿಕೊಳ್ಳುತ್ತದೆ. ಆದ್ದರಿಂದ ಹೊದಿಕೆಯನ್ನು ಉಕ್ಕಿನ ಕಂಬ, ಕಮಾನು ಮತ್ತು ತಂತಿಹಗ್ಗಗಳ ನಡುವೆ ಮೊದಲೇ ಬಿಗಿಗೊಳಿಸಿ, ಕುದುರೆಯ ಜೀನಿನಂತೆ ಎರಡು ವಿರುದ್ಧ ದಿಕ್ಕುಗಳಲ್ಲಿ ಬಾಗಿರುವ ಆಕಾರ ನೀಡುತ್ತಾರೆ. ಹೊದಿಕೆಯ ತೂಕ ಚದರ ಮೀಟರಿಗೆ ಸುಮಾರು 1ರಿಂದ 1.5 ಕಿಲೋಗ್ರಾಂ ಮಾತ್ರ. ಹೀಗಾಗಿ ವಿನ್ಯಾಸದಲ್ಲಿ ಸ್ವಂತ ಭಾರಕ್ಕಿಂತ ಗಾಳಿಯ ಮೇಲೆತ್ತುವ ಬಲವೇ ಮುಖ್ಯವಾಗುತ್ತದೆ. ಬಿಗಿ ಸಡಿಲವಾದರೆ ಮಳೆನೀರು ಒಂದೆಡೆ ನಿಂತು ಬಟ್ಟೆ ಹರಿಯುವ ಅಪಾಯವಿದೆ.

ಇತಿಹಾಸ ಮತ್ತು ವಸ್ತುಗಳು

ಡೇರೆ, ಶಾಮಿಯಾನ ಹಾಗೂ ಸರ್ಕಸ್ ಡೇರೆಗಳು ಇದರ ಪೂರ್ವರೂಪಗಳು. ಜರ್ಮನಿಯ ವಾಸ್ತುಶಿಲ್ಪಿ ಫ್ರೈ ಒಟ್ಟೊ 20ನೆಯ ಶತಮಾನದ ಮಧ್ಯಭಾಗದಿಂದ ಇವುಗಳ ತತ್ತ್ವವನ್ನು ಅಧ್ಯಯನ ಮಾಡಿದರು. 1972ರ ಮ್ಯೂನಿಕ್ ಒಲಿಂಪಿಕ್ಸ್ ಕ್ರೀಡಾಂಗಣದ ತಂತಿಬಲೆಯ ಛಾವಣಿಯಲ್ಲಿ ಅವರ ಪಾತ್ರವಿದೆ. ಇಂದು ಮುಖ್ಯವಾಗಿ ಮೂರು ಬಗೆಯ ಹೊದಿಕೆಗಳು ಬಳಕೆಯಲ್ಲಿವೆ.

* ಪಿವಿಸಿ ಲೇಪಿತ ಪಾಲಿಯೆಸ್ಟರ್: ಅಗ್ಗವಾದದ್ದು, ಸಾಮಾನ್ಯವಾಗಿ 10ರಿಂದ 20 ವರ್ಷ ಬಾಳುತ್ತದೆ.
* ಪಿಟಿಎಫ್ಇ ಲೇಪಿತ ಗಾಜಿನ ನಾರಿನ ಬಟ್ಟೆ: 1973ರಲ್ಲಿ ಅಮೆರಿಕದ ಲಾ ವರ್ನ್ ಕಾಲೇಜಿನ ವಿದ್ಯಾರ್ಥಿ ಕೇಂದ್ರಕ್ಕೆ ಶಾಶ್ವತ ಛಾವಣಿಯಾಗಿ ಬಳಕೆಯಾಯಿತು. 2010ರ ಕಾಮನ್‌ವೆಲ್ತ್ ಕ್ರೀಡಾಕೂಟಕ್ಕಾಗಿ ನವೀಕರಿಸಿದ ದೆಹಲಿಯ ಜವಾಹರಲಾಲ್ ನೆಹರು ಕ್ರೀಡಾಂಗಣದಲ್ಲಿಯೂ ಇದನ್ನು ಬಳಸಲಾಗಿದೆ.
* ಇಟಿಎಫ್ಇ ಹಾಳೆ: ಗಾಜಿನ ತೂಕದ ಸುಮಾರು ನೂರರಲ್ಲೊಂದು ಭಾಗದಷ್ಟು ಹಗುರವಾದ ಪಾರದರ್ಶಕ ಹಾಳೆ. ಪದರಗಳ ನಡುವೆ ಗಾಳಿ ತುಂಬಿ ದಿಂಬಿನಂತೆ ಮಾಡುತ್ತಾರೆ. 2008ರ ಬೀಜಿಂಗ್ ಒಲಿಂಪಿಕ್ಸ್‌ನ ಈಜು ಕೇಂದ್ರವಾದ ವಾಟರ್ ಕ್ಯೂಬ್ ಇದಕ್ಕೆ ಪ್ರಸಿದ್ಧ ಉದಾಹರಣೆ.

ಅಗ್ನಿ ಸುರಕ್ಷತೆ

ಹಳೆಯ ಡೇರೆಗಳ ದೊಡ್ಡ ದೋಷ ಬೆಂಕಿ. 1944ರಲ್ಲಿ ಅಮೆರಿಕದ ಹಾರ್ಟ್‌ಫರ್ಡ್‌ನಲ್ಲಿ, ಮಳೆನೀರು ಸೋರದಂತೆ ಪೆಟ್ರೋಲ್ ಬೆರೆಸಿದ ಮೇಣ ಬಳಿದಿದ್ದ ಸರ್ಕಸ್ ಡೇರೆ ಹೊತ್ತಿ 160ಕ್ಕೂ ಹೆಚ್ಚು ಜನರು ಸತ್ತರು. ಬೆಂಗಳೂರಿನಲ್ಲಿ 1981ರ ಫೆಬ್ರುವರಿ 7ರಂದು ವೀನಸ್ ಸರ್ಕಸ್‌ನ ಡೇರೆಗೆ ಬೆಂಕಿ ಬಿದ್ದು 92 ಮಂದಿ ಮೃತಪಟ್ಟರು; ಅವರಲ್ಲಿ ಹೆಚ್ಚಿನವರು ಮಕ್ಕಳು. 2017ರ ಡಿಸೆಂಬರ್ 29ರಂದು ಮುಂಬಯಿಯ ಕಮಲಾ ಮಿಲ್ಸ್ ಆವರಣದ ತಾರಸಿ ಉಪಾಹಾರ ಗೃಹದಲ್ಲಿ ಸಂಭವಿಸಿದ ಅಗ್ನಿದುರಂತದಲ್ಲಿ 14 ಮಂದಿ ಅಸುನೀಗಿದರು.

ಆಧುನಿಕ ಹೊದಿಕೆಗಳ ವರ್ತನೆ ಬೇರೆ. ಗಾಜಿನ ನಾರು ಉರಿಯುವುದಿಲ್ಲ. ಪಿವಿಸಿ ಲೇಪಿತ ಬಟ್ಟೆಗೆ ಜ್ವಾಲೆ ತಡೆಯುವ ರಾಸಾಯನಿಕಗಳನ್ನು ಸೇರಿಸುತ್ತಾರೆ. ಇಟಿಎಫ್ಇ ಹಾಳೆಯು ತೀವ್ರ ಶಾಖಕ್ಕೆ ಮೆದುವಾಗಿ ಕುಗ್ಗಿ ತೆರೆದುಕೊಳ್ಳುವುದರಿಂದ ಹೊಗೆ ಮತ್ತು ಶಾಖ ಮೇಲಕ್ಕೆ ಹೊರಹೋಗುತ್ತವೆ. ಆದರೂ ಸಾಕಷ್ಟು ನಿರ್ಗಮನ ದ್ವಾರಗಳಿಗೆ ಹೊದಿಕೆಯು ಪರ್ಯಾಯವಲ್ಲ. ಭಾರತದಲ್ಲಿ ತಾತ್ಕಾಲಿಕ ರಚನೆ ಹಾಗೂ ಪೆಂಡಾಲುಗಳ ಅಗ್ನಿ ಮುನ್ನೆಚ್ಚರಿಕೆಗೆ ಐಎಸ್ 8758 ಎಂಬ ಮಾನಕವಿದೆ.

ಬೆಂಗಳೂರಿನ ಪೂರ್ವಭಾಗದಲ್ಲಿ

ದಂಡು ಪ್ರದೇಶ ಹಾಗೂ ನಗರದ ಪೂರ್ವಭಾಗದಲ್ಲಿ ಹಗುರ ಛಾವಣಿಯ ಹಳೆಯ ಮತ್ತು ಹೊಸ ರೂಪಗಳು ಒಟ್ಟಿಗೆ ಕಾಣಸಿಗುತ್ತವೆ. ಶಿವಾಜಿನಗರ ಹಾಗೂ ಹಲಸೂರಿನ ಉತ್ಸವಗಳಲ್ಲಿ ಚಪ್ಪರ, ಶಾಮಿಯಾನಗಳು ಬಳಕೆಯಲ್ಲಿವೆ. ಇಂದಿರಾನಗರದಲ್ಲಿ ತಾರಸಿಯ ಮೇಲಿನ ಉಪಾಹಾರ ಗೃಹಗಳು ಹೆಚ್ಚಾಗಿವೆ. ಬೇಸಿಗೆಯ ಕೊನೆಯಲ್ಲಿ ಬೀಸುವ ಬಿರುಗಾಳಿ ಮತ್ತು ಆಲಿಕಲ್ಲು ಮಳೆಯಿಂದಾಗಿ ಇಲ್ಲಿನ ಹಗುರ ಛಾವಣಿಗಳಿಗೆ ಭದ್ರವಾದ ಬಂಧನ ಹಾಗೂ ಮಳೆಗಾಲಕ್ಕೆ ಮುಂಚಿನ ತಪಾಸಣೆ ಅಗತ್ಯ. ತಾರಸಿಗೆ ಹೊದಿಸುವ ಸಾಮಾನ್ಯ ಟಾರ್ಪಾಲು ನೋಡಲು ಟೆನ್ಸೈಲ್ ಬಟ್ಟೆಯನ್ನು ಹೋಲಬಹುದಾದರೂ ಗಾಳಿಯ ಲೆಕ್ಕಾಚಾರವಾಗಲಿ ಜ್ವಾಲೆ ನಿರೋಧಕ ಗುಣವಾಗಲಿ ಅದಕ್ಕೆ ಸಾಮಾನ್ಯವಾಗಿ ಇರುವುದಿಲ್ಲ.